ಎಣ್ಣೆಯ ಉಸಿರು

ನಮ್ಮ ಅತ್ತೆ ಬಸ್ಸು ಹತ್ತಿದರೆ ಅವಳಿಗೆ ಎರಡು ಸೀಟು. ಟಿಕೆಟ್ಟು ಒಂದೇ, ಸೀಟು ಮಾತ್ರ ಎರಡು. ಎಷ್ಟೇ ನೂಕುನುಗ್ಗಲಿರಲಿ, ಜನ ಬಾಗಿಲಲ್ಲಿ ಜೋತಾಡುತ್ತಿರಲಿ, ಅವಳ ಪಕ್ಕದ ಜಾಗ ಖಾಲಿ. ಗೊತ್ತಿಲ್ಲದವರು ಯಾರಾದರೂ ಬಂದು ಧೊಪ್ಪನೆ ಕೂತರೂ ಮುಂದಿನ ನಿಲ್ದಾಣ ಬರುವುದರೊಳಗೆ ಮೂಗು ಅರಳಿಸಿ, ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ತಾವು ಇಳಿಯುವ ಜಾಗ ಬಂತೆಂಬಂತೆ ಎದ್ದು ಮುಂದೆ ಹೋಗಿ ನಿಂತುಕೊಳ್ಳುತ್ತಿದ್ದರು. ಅತ್ತೆ ಕಿಟಕಿಯಾಚೆ ನೋಡುತ್ತಿದ್ದಳು. ಖಾಲಿಯಾದ ಸೀಟಿನ ಮೇಲೆ ತನ್ನ ಕೈಚೀಲ ಇಟ್ಟುಕೊಳ್ಳುತ್ತಿದ್ದಳು, ಆ ಜಾಗವನ್ನು ತಾನೇ ಹಿಡಿದಿಟ್ಟುಕೊಂಡಿದ್ದೇನೆ ಅಂತ ಜನಕ್ಕೆ ಕಾಣಲಿ ಎಂದು.

ಅವಳು ನನ್ನ ಅಪ್ಪನ ಅಕ್ಕ. ಕೆಲಸ ಔಷಧಿ ಕಾರ್ಖಾನೆಯಲ್ಲಿ. ಔಷಧಿ ಅಂದರೆ ಎಲ್ಲರೂ ತಲೆಯಾಡಿಸುತ್ತಾರೆ. ಯಾವುದರ ಔಷಧಿ ಅಂತ ಕೇಳಿದ ಮೇಲೆ ತಲೆ ಅಲ್ಲೇ ನಿಲ್ಲುತ್ತದೆ. ಗಾಂಜಾ ಗಿಡದ ಹೂವಿನಿಂದ ಎಣ್ಣೆ ತೆಗೆದು, ಶುದ್ಧ ಮಾಡಿ, ಕಂದು ಬಾಟಲಿಗೆ ತುಂಬಿ ಆಸ್ಪತ್ರೆಗಳಿಗೆ ಕಳಿಸುವ ಕಾರ್ಖಾನೆ ಅದು. ಸರ್ಕಾರದ ಪರವಾನಗಿ ಗೋಡೆಯ ಮೇಲೆ ಚೌಕಟ್ಟು ಹಾಕಿ ತೂಗುಬಿದ್ದಿತ್ತು, ಗೇಟಿನಲ್ಲಿ ಒಳಗೆ ಹೋಗುವಾಗಲೂ ತಪಾಸಣೆ, ಹೊರಗೆ ಬರುವಾಗಲೂ ತಪಾಸಣೆ. ಯಾವ ಗುಳಿಗೆಗೂ ಬಗ್ಗದ ಫಿಟ್ಸ್ ಇರುವ ಮಕ್ಕಳಿಗೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಕುಡಿದ ನೀರನ್ನೂ ಕಕ್ಕುವವರಿಗೆ, ನರದ ಕಾಯಿಲೆಯಿಂದ ಕೈಕಾಲು ಸೆಟೆದುಕೊಂಡವರಿಗೆ ಆ ಎಣ್ಣೆ ಹೋಗುತ್ತಿತ್ತು. ಆದರೆ ಇದೆಲ್ಲ ಅತ್ತೆಯ ತಲೆಗೂದಲಿನ ಮೇಲೆ ಬರೆದಿರುತ್ತದೆಯೇ? ಕೂದಲಲ್ಲಿ ಇದ್ದದ್ದು ವಾಸನೆ ಒಂದೇ. ಗಾಂಜಾಕ್ಕೆ ಸೊಪ್ಪು ಅನ್ನುವ ಬೀದಿಯವರು ಅವಳಿಗೆ ಸೊಪ್ಪಿನಕ್ಕ ಅಂತ ಹೆಸರಿಟ್ಟಿದ್ದರು. ಹೊಸದಾಗಿ ಬಂದ ಬಾಡಿಗೆಯವರು ಆ ಹೆಸರು ಕೇಳಿ, ಕೊತ್ತಂಬರಿ ಇದೆಯಾ ಅಂತ ಅವಳ ಬಾಗಿಲು ತಟ್ಟಿದ್ದೂ ಉಂಟು.

ಒಮ್ಮೆ ರೈಲು ನಿಲ್ದಾಣದಲ್ಲಿ ಪೊಲೀಸರ ನಾಯಿ ಅವಳನ್ನು ಮೂಸಿ, ತಾನು ಕಲಿತ ಪ್ರಕಾರ, ಅವಳ ಕಾಲ ಬಳಿ ಕೂತುಬಿಟ್ಟಿತು. ಪೊಲೀಸಿನವನು ಚೀಲ ಬಿಚ್ಚಿಸಿದ. ಒಳಗೆ ಇದ್ದದ್ದು ಊಟದ ಡಬ್ಬಿ, ಛತ್ರಿ, ಕಾರ್ಖಾನೆಯ ಗುರುತಿನ ಚೀಟಿ. ಸುತ್ತ ಜಾತ್ರೆಯ ಹಾಗೆ ಜನ. ಅತ್ತೆ ಇದನ್ನು ನಮ್ಮ ಮನೆಯಲ್ಲಿ ಹೇಳಿಕೊಂಡು ನಗುತ್ತಿದ್ದಳು. "ಬಾಲ ಅಲ್ಲಾಡಿಸ್ಕೊಂಡು ಕೂತಿತ್ತು ಕಣೆ. ನನ್ನ ಪಕ್ಕ ಅಷ್ಟು ಖುಷಿಯಿಂದ ಯಾರೂ ಕೂತಿಲ್ಲ" ಅಂತ. ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಅಮ್ಮ ನಗಲಿಲ್ಲ. ಜನ ಏನಂದುಕೊಂಡರೋ ಅಂತ ಅವಳಿಗೆ ಚಿಂತೆ.

ನನ್ನ ಅಮ್ಮ ಕೆಟ್ಟವಳಲ್ಲ. ಆದರೆ ಜನ ಅಂದರೆ ಅವಳಿಗೆ ಪ್ರಾಣ ಬಾಯಿಗೆ ಬರುತ್ತಿತ್ತು. ಅತ್ತೆ ಬಂದು ಹೋದ ಮೇಲೆ ಅವಳು ಕೂತಿದ್ದ ಕುರ್ಚಿಯ ದಿಂಬನ್ನು ಬಿಸಿಲಿಗೆ ಹಾಕುತ್ತಿದ್ದಳು, ಅದೂ ಮುಂದಿನ ಅಂಗಳದಲ್ಲಿ ಅಲ್ಲ, ಯಾರಿಗೂ ಕಾಣದ ಹಾಗೆ ಹಿತ್ತಲಲ್ಲಿ. ಇದರಲ್ಲಿ ನನಗೆ ರೇಗುತ್ತಿದ್ದ ವಿಷಯ ಒಂದಿತ್ತು. ಅಪ್ಪ ಬಾಗಿಲು ಕಿಟಕಿಗಳಿಗೆ ಬಣ್ಣ ಹಚ್ಚುವವನು. ಅವನ ಮೈಯೆಲ್ಲ ಟರ್ಪೆಂಟೈನು. ಆ ವಾಸನೆ ಅಮ್ಮನಿಗೆ ಬಲು ಇಷ್ಟ. ಅತ್ತೆ ಹೇಳುತ್ತಿದ್ದಳು, ಎರಡೂ ಒಂದೇ ವಂಶದ ವಾಸನೆ ಅಂತ: ಟರ್ಪೆಂಟೈನಿಗೆ ಪೈನ್ ಮರದಿಂದ ಯಾವುದು ಬರುತ್ತದೋ ಅದು ಈ ಹೂವಿನಲ್ಲೂ ಇದೆ, ನಿಂಬೆ ಸಿಪ್ಪೆಯಲ್ಲಿ ಇರುವುದೂ ಇದೆ, ಮೆಣಸಿನ ಕಾಳಿನಲ್ಲಿ ಇರುವುದೂ ಇದೆ. ಅವೆಲ್ಲ ಸೇರಿದರೆ ಜನ ಎದ್ದು ಹೋಗುತ್ತಾರೆ, ಬೇರೆ ಬೇರೆ ಇದ್ದರೆ ಅಡಿಗೆಮನೆಯಲ್ಲಿ ಇಟ್ಟುಕೊಳ್ಳುತ್ತಾರೆ. "ತಮಾಷೆ ಏನು ಗೊತ್ತಾ, ಮದ್ದಿಗೆ ವಾಸನೇನೇ ಇಲ್ಲ" ಅನ್ನುತ್ತಿದ್ದಳು. ಪೂರ್ತಿ ಶುದ್ಧ ಮಾಡಿದ ಮೇಲೆ ಬಾಟಲಿಗೆ ಮೂಗಿಟ್ಟರೂ ಏನೂ ಬರುವುದಿಲ್ಲವಂತೆ. ವಾಸನೆ ಹಾರಿಹೋಗಿ ಅತ್ತೆಯ ಮೇಲೆ ಕೂರುತ್ತದೆ, ಮದ್ದು ಆಸ್ಪತ್ರೆಗೆ ಹೋಗುತ್ತದೆ.

ಅವಳ ಮದುವೆಯ ಮಾತು ಎರಡು ಮೂರು ಕಡೆ ಬಂದು, ಎಲ್ಲಿ ಕೆಲಸ ಅನ್ನುವಲ್ಲಿಗೆ ಬಂದು ನಿಂತಿತಂತೆ. ಆಮೇಲೆ ಅವಳೇ ಬೇಡವೆಂದಳು. ಇಸ್ತ್ರಿ ಅಂಗಡಿಯ ಮೇಲಿನ ಒಂಟಿ ಕೋಣೆಯಲ್ಲಿ ಬಾಡಿಗೆಗಿದ್ದಳು. ಕಿಟಕಿಯ ಹೊರಗೆ ಅಂಗಡಿಯ ಹಬೆಯ ಕೊಳವೆ, ಒಳಗೆ ಒಂದು ಮಂಚ, ಒಂದು ಸ್ಟೌವು, ಒಂದೇ ಒಂದು ತಟ್ಟೆ. ಎರಡನೇ ತಟ್ಟೆ ಯಾಕಿಲ್ಲ ಅಂತ ಒಮ್ಮೆ ಕೇಳಿದ್ದಕ್ಕೆ, ಇದ್ದರೆ ಅದೂ ತೊಳೆಯಬೇಕಲ್ಲ ಅಂದಳು. ಇಸ್ತ್ರಿಯವನು ಅವಳ ಬಟ್ಟೆಯನ್ನು ಬೇರೆಯವರ ಬಟ್ಟೆಯ ಜೊತೆ ಸೇರಿಸುತ್ತಿರಲಿಲ್ಲ. ಹಾಗಾಗಿ ಅವಳು ಇಸ್ತ್ರಿಯಿಲ್ಲದ ಸುಕ್ಕು ಬಟ್ಟೆ ಉಡುತ್ತಿದ್ದಳು, ಇಸ್ತ್ರಿ ಅಂಗಡಿಯ ನೆತ್ತಿಯ ಮೇಲೆ ಇದ್ದುಕೊಂಡು.

ಈಗ ಒಲೆಮನೆಯ ಮಾತು ಹೇಳಬೇಕು, ಮುಂದೆ ಆದದ್ದೆಲ್ಲ ಅದರಿಂದಲೇ.

ಗಿಡದ ಹೂವಿನ ಮೇಲೆ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಕೂದಲುಗಳಿವೆ, ಒಂದೊಂದರ ತುದಿಯಲ್ಲಿ ಒಂದೊಂದು ಅಂಟಿನ ಹನಿ. ಮದ್ದೆಲ್ಲ ಇರುವುದು ಆ ಹನಿಯಲ್ಲಿ. ಅದರಲ್ಲಿ ಮುಖ್ಯವಾದವು ಎರಡು. ಒಂದು ಅಮಲೇರಿಸುವುದು, ವಾಂತಿ ನಿಲ್ಲಿಸಿ ಹಸಿವು ಹುಟ್ಟಿಸುವುದೂ ಅದೇ. ಇನ್ನೊಂದರಲ್ಲಿ ಅಮಲಿಲ್ಲ, ಮಕ್ಕಳ ಫಿಟ್ಸ್ ಕಡಿಮೆ ಮಾಡುವುದು ಅದು. ಪುಸ್ತಕದಲ್ಲಿ ಅವಕ್ಕೆ ಟಿಎಚ್‌ಸಿ, ಸಿಬಿಡಿ ಅಂತ ಹೆಸರು. ಕಾರ್ಖಾನೆಯಲ್ಲಿ ತುಂಟ ಮತ್ತು ಸಾಧು. ಇಬ್ಬರೂ ಗಿಡದೊಳಗೆ ಒಂದೇ ತಾಯಿಯಿಂದ ಹುಟ್ಟುತ್ತಾರೆ ಅಂತ ಅತ್ತೆ ವಿವರಿಸಿದ್ದಳು. ಬೆಳಕಿಗೆ, ಗಾಳಿಗೆ ಬಿಟ್ಟರೆ ತುಂಟನೂ ಮುದಿಯಾಗಿ, ಬರೀ ತೂಕಡಿಕೆ ತರಿಸುವ ಬೇರೊಂದು ವಸ್ತುವಾಗುತ್ತಾನೆ. ಬಾಟಲಿ ಕಂದು ಬಣ್ಣದ್ದಿರುವುದು ಅದಕ್ಕೆ.

ಆದರೆ ಹಸಿ ಗಿಡದಲ್ಲಿ ತುಂಟನೂ ಇರುವುದಿಲ್ಲ, ಸಾಧುವೂ ಇರುವುದಿಲ್ಲ. ಇರುವುದು ಅವರ ಹುಳಿ ರೂಪ. ಕಣದ ಒಂದು ತುದಿಗೆ ಹುಳಿಯ ಚೂರೊಂದು ಅಂಟಿಕೊಂಡಿರುತ್ತದೆ, ಅದಿರುವ ತನಕ ತುಂಟನಿಗೆ ಅಮಲೂ ಬಾರದು, ಹಸಿವು ಹುಟ್ಟಿಸುವ ಕಸುವೂ ಬಾರದು. ಹೂವಿನಿಂದ ತೆಗೆದ ಕಪ್ಪು ಅಂಟನ್ನು ಹದವಾಗಿ ಕಾಯಿಸಿದರೆ ಆ ಚೂರು ಕಳಚಿ ಗಾಳಿಯಾಗಿ ಹೋಗುತ್ತದೆ. ಎಂಥ ಗಾಳಿ? ನಾವು ಹೊರಗೆ ಬಿಡುವ ಉಸಿರಿನಲ್ಲಿ ಇರುವಂಥದೇ. ಪಾತ್ರೆಯಲ್ಲಿ ಅಂಟು ಪುಟಪುಟ ಗುಳ್ಳೆಯೇಳುತ್ತದೆ, ಮೆಲ್ಲಗೆ ಏರಿ ಇಳಿಯುತ್ತದೆ. ಗುಳ್ಳೆ ನಿಂತಿತೋ, ಹದ ಆಯಿತು ಅಂತ ಅರ್ಥ. ತಕ್ಷಣ ಉರಿ ಆರಿಸಬೇಕು, ತಣ್ಣಗಾಗುವ ತನಕ ಮುಟ್ಟಬಾರದು. ಇನ್ನೂ ಕಾಯಿಸಿದರೆ ಮದ್ದೇ ಹಾಳು. ಕಾಯಿಸುವ ಕೋಣೆಗೆ ಅವರೆಲ್ಲ ಒಲೆಮನೆ ಅನ್ನುತ್ತಿದ್ದರು, ಅಲ್ಲಿ ನಿಲ್ಲುವ ಹೆಂಗಸಿಗೆ ಒಲೆಮನೆಯವಳು. ಅವಳೇ ಮೊದಲು ಅಂದದ್ದಿರಬೇಕು, ಎಣ್ಣೆ ಉಸಿರಾಡುತ್ತಿದೆ ಅಂತ. ಮಾತು ನಿಂತುಬಿಟ್ಟಿತು. ಗುಳ್ಳೆ ಏಳುತ್ತಿದ್ದರೆ ಉಸಿರಾಡುತ್ತಿದೆ. ಮುಗಿದರೆ ಉಸಿರು ನಿಂತಿತು.

ಅತ್ತೆ ಇರುತ್ತಿದ್ದದ್ದು ಆಚೆ ಪರೀಕ್ಷೆಯ ಕೋಣೆಯಲ್ಲಿ. ಪ್ರತಿ ಪಾತ್ರೆಯಿಂದ ಒಂದಿಷ್ಟು ತೂಗಿ, ಕರಗಿಸಿ, ಯಂತ್ರಕ್ಕೆ ಕೊಟ್ಟು, ತುಂಟ ಎಷ್ಟು, ಸಾಧು ಎಷ್ಟು ಅಂತ ನೋಡುವುದು ಅವಳ ಕೆಲಸ. ಮೊಬೈಲುಗಳನ್ನೆಲ್ಲ ಗೇಟಿನಲ್ಲೇ ಬೀಗ ಹಾಕಿ ಇಡುತ್ತಿದ್ದರು. ಅವಳ ಮೇಜಿನ ಮೇಲೆ ಒಂದು ಬೂದು ಬಣ್ಣದ ಫೋನು. ಒಲೆಮನೆಯಿಂದ ಕರೆ ಬಂದರೂ ಅದರಲ್ಲೇ, ಹೊರಗಿನವರು ಫೋನ್ ಮಾಡಿದರೆ ಗೇಟಿನವನು ಯಾರೆಂದು ಹೇಳದೆ ಜೋಡಿಸಿ ಕೊಡುತ್ತಿದ್ದದ್ದೂ ಅದಕ್ಕೇ. ಗಾಳಿಯೆಳೆಯುವ ಪಂಖಗಳ ಗದ್ದಲ, ಎಲ್ಲರ ಮುಖಕ್ಕೂ ಮಾಸ್ಕು. ಒಲೆಮನೆಯವಳು ಪಾತ್ರೆ ಮುಗಿದಾಗ ಫೋನ್ ಎತ್ತಿ, "ಅಕ್ಕಾ, ಉಸಿರು ನಿಂತ್ಹೋಯ್ತು" ಅನ್ನುತ್ತಿದ್ದಳು. ಅತ್ತೆ, "ಒಳ್ಳೇದಾಯ್ತು, ಮುಟ್ಟಬೇಡಿ, ತಣ್ಣಗಾಗ್ಲಿ, ಬಂದು ನೋಡ್ತೀನಿ" ಅನ್ನುತ್ತಿದ್ದಳು. ಅವರಿಗೆ ಅದು ದಿನನಿತ್ಯದ ಮಾತು, ಆಡಿದ ಮೇಲೆ ನೆನಪೂ ಇರದಂಥದ್ದು.

ಅಪ್ಪನಿಗೆ ಹೊಟ್ಟೆಯ ಕ್ಯಾನ್ಸರ್ ಅಂತ ಗೊತ್ತಾದಾಗ ನಾನು ಶಾಲೆಯ ಕೊನೆಯ ವರ್ಷದಲ್ಲಿದ್ದೆ. ಚಿಕಿತ್ಸೆ ಶುರುವಾದ ಮೇಲೆ ಅವನು ತಿಂದದ್ದೆಲ್ಲ ವಾಂತಿ. ಏಣಿ ಹತ್ತಿ ಛಾವಣಿಗೆ ಬಣ್ಣ ಬಳಿಯುತ್ತಿದ್ದ ಮನುಷ್ಯ ಎದ್ದು ಬಚ್ಚಲಿಗೆ ಹೋಗಲು ಗೋಡೆ ಹಿಡಿಯುತ್ತಿದ್ದ. ಒಂದಾದ ಮೇಲೊಂದು ವಾಂತಿಯ ಗುಳಿಗೆ ಬದಲಾಯಿಸಿ ನೋಡಿದ ಡಾಕ್ಟರು ಕೊನೆಗೆ ಆ ಎಣ್ಣೆಯ ಹನಿ ಬರೆದುಕೊಟ್ಟರು. ಬಾಟಲಿಯ ಮೇಲೆ ಅತ್ತೆಯ ಕಾರ್ಖಾನೆಯ ಹೆಸರಿತ್ತು. ಅಮ್ಮ ಆ ಬಾಟಲಿಯನ್ನು ಮೇಜಿನ ಮೇಲಿಟ್ಟು, ಅದರ ಎದುರು ಕೂತು, ಬಹಳ ಹೊತ್ತು ನೋಡಿದಳು. ಆಮೇಲೆ ತಾನೇ ಫೋನ್ ಮಾಡಿ ಅತ್ತೆಯನ್ನು ಕರೆದಳು. ಅವಳಾಗಿ ಕರೆದದ್ದು ಅದೇ ಮೊದಲು.

ಅತ್ತೆ ಅವತ್ತು ಅಡಿಗೆಮನೆಯ ಕಟ್ಟೆಗೆ ಒರಗಿ ನಿಂತು ಎಲ್ಲ ಹೇಳಿಕೊಟ್ಟಳು. ಡಾಕ್ಟರು ಹೇಳಿದ ಹನಿಗಿಂತ ಒಂದೂ ಹೆಚ್ಚು ಬೇಡ. ತಲೆ ಸುತ್ತಬಹುದು, ಬಾಯಿ ಒಣಗಬಹುದು, ಏಳುವಾಗ ಕೈ ಹಿಡಿದುಕೋ. ಇದು ನೀರಿನಲ್ಲಿ ಕರಗುವುದಿಲ್ಲ, ಜಿಡ್ಡಿನಲ್ಲಿ ಮಾತ್ರ ಕರಗುತ್ತದೆ, ಅದಕ್ಕೆ ಬೆಣ್ಣೆ ಸವರಿದ ಬ್ರೆಡ್ಡಿನ ಜೊತೆ ಕೊಡು, ಮೈಗೆ ಹತ್ತುತ್ತದೆ. ಅಮ್ಮ ಕಣ್ಣರಳಿಸಿ, ಇದರಿಂದ ಗುಣವಾಗುತ್ತಾರಾ ಅಂತ ಕೇಳಿದಳು. ಅತ್ತೆ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಇದು ರೋಗಕ್ಕಲ್ಲ ಕಣೆ. ಊಟಕ್ಕೆ" ಅಂದಳು.

ಊಟ ಮಾಡಿದ. ನಮ್ಮಪ್ಪ ಊಟ ಮಾಡಿದ, ಅದನ್ನು ಹೇಗೆ ಹೇಳಲಿ? ಮೊದಲು ಅರ್ಧ ಚೂರು ಬ್ರೆಡ್ಡು. ಆಮೇಲೆ ಗಂಜಿ. ಆಮೇಲೆ ಒಂದು ಸಂಜೆ, ಉಪ್ಪಿನಕಾಯಿ ಇಲ್ಲವಾ ಈ ಮನೆಯಲ್ಲಿ ಅಂತ ಗದರಿದ. ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು, ಉಪ್ಪಿನಕಾಯಿ ತರುವುದನ್ನೂ ಮರೆತು. ಅತ್ತೆ ದಿನಾ ಕೆಲಸ ಮುಗಿಸಿ ಮೆತ್ತಗಿನ ಬ್ರೆಡ್ಡು ಹಿಡಿದು ಬರುತ್ತಿದ್ದಳು. ಅವಳೂ ಅಮ್ಮನೂ ಹಿತ್ತಲ ಮೆಟ್ಟಿಲ ಮೇಲೆ ಕೂತು ಹರಟುತ್ತಿದ್ದರು. ದಿಂಬು ಬಿಸಿಲಿಗೆ ಬೀಳುವುದು ತಾನೇ ತಾನಾಗಿ ನಿಂತಿತು. ಆ ಕೆಲವು ತಿಂಗಳು ಅತ್ತೆಯ ಮುಖದಲ್ಲಿ ಎಂಥ ಕಳೆಯಿತ್ತೆಂದರೆ, ಕಾಯಿಲೆಯ ಮನೆಗೆ ಬರುತ್ತಿರುವವಳು ಅಂತ ಯಾರೂ ಅನ್ನುತ್ತಿರಲಿಲ್ಲ. ಅದಕ್ಕೆ ಅವಳಿಗೇ ನಾಚಿಕೆಯಾಗಿ, ಬಾಗಿಲಲ್ಲಿ ನಿಂತು ಮುಖ ಸಪ್ಪಗೆ ಮಾಡಿಕೊಂಡು ಒಳಗೆ ಬರುತ್ತಿದ್ದಳು.

ರೋಗ ತನ್ನ ಪಾಡಿಗೆ ತಾನು ಬೆಳೆಯಿತು. ಒಂದು ಬೆಳಿಗ್ಗೆ ಅತ್ತೆ ಕಾರ್ಖಾನೆಗೆ ಹೋಗುವ ದಾರಿಯಲ್ಲಿ ಬಂದು ಅವನನ್ನು ನೋಡಿದಳು. ಅಪ್ಪ ಚೆನ್ನಾಗಿಯೇ ಇದ್ದ, ಸಂಜೆ ಬೇಗ ಬಾ ಅಂದ. ಏನಾದರೂ ಆದರೆ ತಕ್ಷಣ ಫೋನ್ ಮಾಡು ಅಂತ ಅಮ್ಮನಿಗೆ ಹೇಳಿ ಅವಳು ಹೋದಳು. ಮಧ್ಯಾಹ್ನಕ್ಕೆ ಮೊದಲೇ ಅಪ್ಪ ಹೋದ. ಬೆಣ್ಣೆ ಹಚ್ಚಿದ ಬ್ರೆಡ್ಡು ತಟ್ಟೆಯಲ್ಲೇ ಇತ್ತು.

ಅಮ್ಮ ಎದ್ದು ಮೊದಲು ಮಾಡಿದ ಕೆಲಸ ಅತ್ತೆಗೆ ಫೋನು. ನಾನು ಪಕ್ಕದಲ್ಲೇ ನಿಂತಿದ್ದೆ. ಅವಳಿಗೆ ಗಂಟಲು ಕಟ್ಟಿತ್ತು, ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. "ಅಕ್ಕಾ, ಉಸಿರು ನಿಂತ್ಹೋಯ್ತು" ಅಂದಳು. ಅಷ್ಟೇ. ಅತ್ತ ಕಡೆಯ ಮಾತು ನನಗೆ ಕೇಳಿಸಲಿಲ್ಲ. ಅಮ್ಮನ ಮುಖ ಮಾತ್ರ ಕಂಡಿತು. ಅವಳು ರಿಸೀವರನ್ನು ಕಿವಿಯಿಂದ ತೆಗೆದು ಅದನ್ನೇ ನೋಡಿದಳು, ಆಮೇಲೆ ಮೆಲ್ಲಗೆ ಕೆಳಗಿಟ್ಟಳು.

ಅತ್ತೆ ಸಂಜೆ ಎಂದಿನ ಹೊತ್ತಿಗೆ ಬಂದಳು, ಕೈಯಲ್ಲಿ ಬ್ರೆಡ್ಡು. ಅಂಗಳದಲ್ಲಿ ಜನ ಕಂಡು ಕಾಲು ನಿಧಾನವಾಯಿತು. ಜನ ದಾರಿ ಬಿಟ್ಟರು. ಅವಳಿಗೆ ಜನ ದಾರಿ ಬಿಡುವುದು ಹೊಸದಲ್ಲವಲ್ಲ. ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಅಳುತ್ತಿರಲಿಲ್ಲ. "ತಣ್ಣಗಾಗಿದ್ದಾರೆ. ಬಂದು ನೋಡಿ" ಅಂದಳು.

ಆ ಮಾತು ಕಿವಿಗೆ ಬಿದ್ದ ಕೂಡಲೇ ಅತ್ತೆಗೆ ಎಲ್ಲ ಅರ್ಥವಾಯಿತು. ಅದು ನನಗೆ ಈಗ ಗೊತ್ತು. ಆಗ ಕಂಡದ್ದು ಇಷ್ಟೇ: ಬ್ರೆಡ್ಡು ಕೈಜಾರಿ ಬಿತ್ತು, ಅವಳು ಗೋಡೆಗೆ ಕೈ ಊರಿ, ಅಪ್ಪ ಊರುತ್ತಿದ್ದ ಜಾಗದಲ್ಲೇ ಕೈ ಊರಿ, ಒಳಗೆ ಬಂದಳು. ತಮ್ಮನ ಕಾಲ ಬಳಿ ಕೂತಳು. ಅಲ್ಲ ಕಣೆ, ನಾನು ಅಂದುಕೊಂಡದ್ದು, ಅಂತ ಏನೋ ಶುರು ಮಾಡಿದಳು. ಅಮ್ಮ ಎದ್ದು ಬೇರೆ ಕೋಣೆಗೆ ಹೋದಳು.

ಮುಂದೆ ವಾರ ಕಳೆದು ಅತ್ತೆ ಬಂದು ವಿವರಿಸಿದಳು. ಒಲೆಮನೆ, ಗುಳ್ಳೆ, ಎಣ್ಣೆಯ ಉಸಿರು, ಅವತ್ತು ಅದೇ ಹೊತ್ತಿಗೆ ಪಾತ್ರೆಯೊಂದು ಮುಗಿಯಬೇಕಾಗಿದ್ದದ್ದು. ಹೇಳಿದಷ್ಟೂ ಕೆಟ್ಟಿತು. ಅಮ್ಮನ ಕಿವಿಗೆ ಅದು ಹೇಗೆ ಬಿದ್ದಿರಬೇಕು ನೋಡಿ: ಗಂಡ ಸತ್ತ ಅಂತ ಹೇಳಿದರೆ ಒಳ್ಳೇದಾಯ್ತು ಅಂದವಳು, ಈಗ ಬಂದು ಎಣ್ಣೆಗೆ ಉಸಿರಿದೆ ಅನ್ನುತ್ತಾಳೆ. "ಎಣ್ಣೆಗೆ ಉಸಿರಂತೆ. ನನ್ನನ್ನ ಏನು ಅಂದ್ಕೊಂಡಿದ್ದೀರಿ ಅಕ್ಕ? ಅವರು ಇದ್ದಾಗ ನಿಮ್ಮ ವಾಸನೆ ಸಹಿಸಿದ್ದಾಯ್ತು. ಇನ್ನು ಬರಬೇಡಿ" ಅಂದಳು. ಅತ್ತೆ ಚಪ್ಪಲಿ ಮೆಟ್ಟಿಕೊಂಡು ಹೋದಳು. ಅವತ್ತು ಸಂಜೆ ಕುರ್ಚಿಯ ದಿಂಬು ಹಿತ್ತಲಲ್ಲಿ ಬಿಸಿಲು ಕಾಯುತ್ತಿತ್ತು, ಬಿಸಿಲೇ ಇರಲಿಲ್ಲ.

ವರ್ಷಗಳು ಹೋದವು. ನಮ್ಮ ಮನೆಯಲ್ಲಿ ಅತ್ತೆಯ ಹೆಸರಿಗೆ ಬೀಗ ಬಿತ್ತು. ಅಮ್ಮ ಅಪ್ಪನ ಟರ್ಪೆಂಟೈನ್ ಡಬ್ಬಿಯನ್ನು ಬಟ್ಟೆಯ ಕಪಾಟಿನಲ್ಲಿ ಇಟ್ಟುಕೊಂಡಿದ್ದಳು. ಆಗಾಗ ಮುಚ್ಚಳ ತೆಗೆದು ಮೂಸಿ, ನಾನು ಕಂಡರೆ ತಟ್ಟನೆ ಮುಚ್ಚುತ್ತಿದ್ದಳು. ನಾನು ಅತ್ತೆಯನ್ನು ಬಸ್ ನಿಲ್ದಾಣದಲ್ಲಿ ಕಾಣುತ್ತಿದ್ದೆ. ಅವಳ ಪಕ್ಕ ಕೂತು ಒಂದಷ್ಟು ದೂರ ಹೋಗುತ್ತಿದ್ದೆ. ಅಮ್ಮನ ಮಂಡಿನೋವು ಹೇಗಿದೆ, ಒಂದು ಕಿವಿ ಮಂದವಾಗಿದೆಯಂತೆ ಹೌದಾ, ಎಲ್ಲ ಕೇಳುತ್ತಿದ್ದಳು. ಆ ಫೋನಿನ ಮಾತು ಮಾತ್ರ ಎತ್ತುತ್ತಿರಲಿಲ್ಲ. ನಾನೂ ಎತ್ತಲಿಲ್ಲ. ಅವಳ ಮಾತು ನಿಜವಿದ್ದರೂ ಇರಬಹುದು, ಅಮ್ಮನ ಸಂಕಟವಂತೂ ನಿಜ. ಯಾವುದು ಎಷ್ಟು ತೂಕ ಅಂತ ನೋಡಲು ನನ್ನ ಹತ್ತಿರ ಬಟ್ಟು ಇರಲಿಲ್ಲ.

ಬಟ್ಟಿನ ಮಾತು ಸುಮ್ಮನೆ ಬಂದದ್ದಲ್ಲ. ನನ್ನ ಕೆಲಸವೇ ತಕ್ಕಡಿ ಸರಿ ಮಾಡುವುದು. ಆಸ್ಪತ್ರೆ, ಪ್ರಯೋಗಾಲಯ, ಚಿನ್ನದಂಗಡಿಗಳಲ್ಲಿ ಗಾಜಿನ ಗೂಡಿನೊಳಗೆ ಇರುತ್ತವಲ್ಲ, ಉಸಿರು ತಾಗಿದರೂ ಅಲುಗುವ ತಕ್ಕಡಿಗಳು, ಅವುಗಳ ಮೇಲೆ ಪ್ರಮಾಣದ ಬಟ್ಟು ಇಟ್ಟು ಸುಳ್ಳು ಹೇಳುತ್ತಿವೆಯಾ ಅಂತ ನೋಡುವುದು. ಕಳೆದ ತಿಂಗಳು ಒಂದು ಬೆಳಿಗ್ಗೆ ನಮ್ಮ ಕಂಪನಿಯವರು ನನ್ನನ್ನು ಅತ್ತೆಯ ಕಾರ್ಖಾನೆಗೆ ಕಳಿಸಿದರು. ಗೇಟಿನಲ್ಲಿ ಮೊಬೈಲು ಕೊಟ್ಟು, ಟೋಪಿ, ನಿಲುವಂಗಿ, ಮಾಸ್ಕು ತೊಟ್ಟು ಒಳಗೆ ಹೋದರೆ ಅತ್ತೆಯ ಕೋಣೆ. ಅವಳು ನನ್ನನ್ನು ಕಣ್ಣಲ್ಲೇ ಗುರುತು ಹಿಡಿದಳು. ಬಾ ಅಂದವಳು, ಕೆಲಸ ಮುಗಿಸು ಆಮೇಲೆ ಮಾತು ಅಂತ ತಕ್ಕಡಿ ತೋರಿಸಿದಳು. ಕೂದಲು ಪೂರ್ತಿ ಬೆಳ್ಳಗಾಗಿ ಟೋಪಿಯಿಂದ ಇಣುಕುತ್ತಿತ್ತು. ಇನ್ನೇನು ನಿವೃತ್ತಿ ಹತ್ತಿರ. ನಾನು ಗಾಜಿನ ಗೂಡು ಸರಿಸಿ, ಚಿಮಟದಿಂದ ಬಟ್ಟು ಎತ್ತಿ ಇಡುತ್ತಿದ್ದೆ. ಅವಳು ಪಕ್ಕದ ಮೇಜಿನಲ್ಲಿ ಸೀಸೆಗಳಿಗೆ ಚೀಟಿ ಅಂಟಿಸುತ್ತಿದ್ದಳು.

ಫೋನು ಬಡಿದುಕೊಂಡಿತು.

ಅತ್ತೆಯ ಕೈ ನಿಂತಿತು. ಅವಳು ಫೋನನ್ನು ಒಂದು ಗಳಿಗೆ ನೋಡಿದಳು. ಬಟ್ಟೆಗೆ ಕೈ ಒರೆಸಿಕೊಂಡು ಎತ್ತಿದಳು. ಪಂಖದ ಗದ್ದಲದಲ್ಲಿ ಕೇಳಲಿ ಅಂತ ಅತ್ತ ಕಡೆಯವಳು ಕಿರುಚಿ ಮಾತಾಡುತ್ತಿದ್ದಳು, ನನಗೂ ಸ್ಪಷ್ಟವಾಗಿ ಕೇಳಿಸಿತು. "ಅಕ್ಕಾ, ಉಸಿರು ನಿಂತ್ಹೋಯ್ತು."

ಅದೇ ಮಾತು, ಅದೇ ಎಳೆತ, ಮಾಸ್ಕಿನ ಹಿಂದಿನ ಅದೇ ಕಟ್ಟಿದ ದನಿ. ನಮ್ಮಮ್ಮನೇ ಅತ್ತ ಕಡೆ ಇದ್ದಾಳೇನೋ ಅನ್ನಿಸಿತು. ಚಿಮಟ ತಟ್ಟೆಗೆ ತಾಗಿ ತಕ್ಕಡಿಯ ಅಂಕಿಗಳು ಕುಣಿದವು.

ಅತ್ತೆ ಒಳ್ಳೇದಾಯ್ತು ಅನ್ನಲಿಲ್ಲ. ರಿಸೀವರನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು. ಆಮೇಲೆ ಬಹಳ ಮೆಲ್ಲಗೆ, "ಯಾರದು?" ಅಂದಳು.

"ಎಣ್ಣೇದು ಅಕ್ಕ. ಇನ್ಯಾರದು?" ಅತ್ತ ಕಡೆ ನಗು.

"ಸರಿ. ತಣ್ಣಗಾಗ್ಲಿ" ಅಂದು ಅತ್ತೆ ಫೋನ್ ಇಟ್ಟಳು. ನನ್ನ ಕಡೆ ತಿರುಗಲಿಲ್ಲ. ಬಿಟ್ಟ ಚೀಟಿಯನ್ನು ಮತ್ತೆ ಅಂಟಿಸತೊಡಗಿದಳು, ಅದು ಸೊಟ್ಟಗೆ ಅಂಟಿತು.

ಆಮೇಲೆ ಮಾದರಿಯ ಸೀಸೆ ಹಿಡಿದು ಒಲೆಮನೆಯವಳೇ ಬಂದಳು. ಮಾತಿನ ಮಲ್ಲಿ. ಅತ್ತೆ ಆಚೆ ಯಂತ್ರದ ಹತ್ತಿರ ಹೋಗಿದ್ದಾಗ ನನ್ನೊಡನೆ ಹರಟೆಗೆ ನಿಂತಳು. ಅಕ್ಕನಿಗೆ ಅದೊಂದು ಚಾಳಿಯಂತೆ. ಎಷ್ಟೋ ವರ್ಷದಿಂದ, ಪ್ರತಿ ಪಾತ್ರೆಗೂ, ಉಸಿರು ನಿಂತಿತು ಅಂದರೆ ಯಾರದು ಅಂತ ಕೇಳಿಯೇ ತೀರಬೇಕಂತೆ. ಇವರಿಗೆಲ್ಲ ತಮಾಷೆ. ಒಮ್ಮೊಮ್ಮೆ ಬೇಕಂತಲೇ ಮ್ಯಾನೇಜರದು ಅಂದುಬಿಡುತ್ತಾರಂತೆ. ಬೇರೆ ಮಾತು ಹೇಳಬಹುದಲ್ಲ, ಎಣ್ಣೆ ಆಯ್ತು ಅಂತಲೋ ಏನೋ, ಅಂತ ನಾನು ಕೇಳಿದೆ. ಅವಳು ಭುಜ ಕುಣಿಸಿದಳು. ಬಾಯಿಗೆ ಬಂದು ಹೋಗಿದೆ, ಅಕ್ಕನೂ ಬೇಡ ಅಂದಿಲ್ಲ.

ಅತ್ತೆಯ ಜೊತೆ ಮಾತಿಗೆ ನಿಲ್ಲಲು ನನ್ನಿಂದಾಗಲಿಲ್ಲ. ತಕ್ಕಡಿ ಸರಿಯಾಗಿದೆ ಅಂತ ಮುದ್ರೆ ಅಂಟಿಸಿ, ನಾಳೆ ಬಸ್ಸಿನಲ್ಲಿ ಸಿಗುತ್ತೇನೆ ಅಂದು, ಮುಂದಿನ ಕೆಲಸಕ್ಕೆ ಹೋಗದೆ ನೇರ ಮನೆಗೆ ಬಂದೆ.

ಅಮ್ಮ ಬಟಾಣಿ ಬಿಡಿಸುತ್ತಿದ್ದಳು. ನಾನು ಚಪ್ಪಲಿಯನ್ನೂ ಬಿಡದೆ ಅವಳ ಮುಂದೆ ಕೂತು, ಕೇಳುವ ಕಿವಿಯ ಕಡೆ ಬಾಗಿ ಎಲ್ಲ ಹೇಳಿದೆ. ಎಣ್ಣೆಗೆ ಉಸಿರಿದೆ ಅಮ್ಮ, ಅವರ ಬಾಯಲ್ಲಿ ಇದೆ, ನನ್ನ ಈ ಕಿವಿಯಿಂದ ಕೇಳಿದೆ ಅಂದೆ. ಅವಳ ಮುಖ ಗಂಟಿಕ್ಕಿಕೊಂಡೇ ಇತ್ತು. ಅತ್ತೆ ಏನಂದಳು ಅನ್ನುವುದಕ್ಕೆ ಬಂದಾಗ ಬಟಾಣಿ ಬಿಡಿಸುವ ಕೈ ನಿಂತಿತು.

"ಯಾರದು ಅಂತ ಕೇಳಿದ್ರಾ?"

"ಹೂಂ."

"ಪ್ರತಿ ಸಲ?"

"ಪ್ರತಿ ಸಲವೂ ಕೇಳ್ತಾರಂತೆ. ಅಪ್ಪ ಹೋದಾಗಿನಿಂದ."

ಅಮ್ಮ ಸಿಪ್ಪೆಗಳನ್ನು ಒಂದು ಕಡೆ, ಕಾಳನ್ನು ಒಂದು ಕಡೆ ಗುಡ್ಡೆ ಮಾಡಿದಳು. ಆಮೇಲೆ ಎರಡನ್ನೂ ಗಮನವಿಲ್ಲದೆ ಒಟ್ಟಿಗೆ ಸೇರಿಸಿಬಿಟ್ಟಳು. ನಾನು ಕಾದೆ. ಅವಳ ಹಠ ಎಂಥದ್ದೆಂದು ನನಗೆ ಗೊತ್ತು. ಎದ್ದು ಒಳಗೆ ಹೋಗುತ್ತಾಳೆ ಅಂದುಕೊಂಡೆ. ಅವಳು ಕೈ ಚಾಚಿ ಮೊಬೈಲು ತೆಗೆದುಕೊಂಡಳು. ನನ್ನನ್ನು ನಂಬರು ಕೇಳಲಿಲ್ಲ, ಎಲ್ಲೂ ಹುಡುಕಲೂ ಇಲ್ಲ. ಇಷ್ಟು ವರ್ಷ ಹೆಸರೆತ್ತದವಳ ಬೆರಳಿಗೆ ಆ ನಂಬರು ಬಾಯಿಪಾಠವಾಗಿತ್ತು. ಕಿವಿ ಮಂದವಾದ ಮೇಲೆ ಅವಳು ಸ್ಪೀಕರ್ ಹಾಕಿಯೇ ಮಾತಾಡುವುದು. ಗೇಟಿನವನು ಎತ್ತಿದ, ಜೋಡಿಸಿದ. ಪಂಖಗಳ ಗದ್ದಲ ನಮ್ಮ ಮನೆಯೊಳಗೆ ತುಂಬಿತು.

ಅಮ್ಮ ಮಾತಾಡಲು ಹೋದಳು. ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಅಕ್ಕಾ" ಅಂದಳು. ಅಷ್ಟೇ ಬಂದದ್ದು.

ಅತ್ತ ಕಡೆ ಬರೀ ಗದ್ದಲ. ಎಷ್ಟು ಹೊತ್ತು ಅಂದರೆ, ಲೈನು ಹೋಯಿತೇನೋ ಅಂದುಕೊಂಡೆ. ಆಮೇಲೆ ಅತ್ತೆಯ ದನಿ, ಬೆಳಿಗ್ಗೆ ಕೇಳಿದ್ದಕ್ಕಿಂತ ಮೆಲ್ಲಗೆ, ಹೆದರಿದ ದನಿ.

"ಯಾರದು?"

"ಯಾರದೂ ಅಲ್ಲ ಅಕ್ಕ" ಅಂದಳು ಅಮ್ಮ. "ಊಟಕ್ಕೆ ಬನ್ನಿ ಅಂತ ಫೋನ್ ಮಾಡಿದೆ."

ಅತ್ತೆ ಅಳುತ್ತಿದ್ದಳೋ ಇಲ್ಲವೋ ಆ ಗದ್ದಲದಲ್ಲಿ ತಿಳಿಯಲಿಲ್ಲ. ನಾನಂತೂ ಅತ್ತುಬಿಟ್ಟೆ. ಕೊನೆಗೆ ಅವಳು, ಆಯ್ತು, ಕೆಲಸ ಬಿಟ್ಟ ಮೇಲೆ ರೂಮಿಗೆ ಹೋಗಿ ಸ್ನಾನ ಮಾಡಿ, ಬಟ್ಟೆ ಬದಲಾಯಿಸಿಕೊಂಡು ಬರುತ್ತೇನೆ ಅಂದಳು.

ಅಮ್ಮ ಕಣ್ಣೊರೆಸಿಕೊಂಡು ಫೋನನ್ನು ಬಾಯಿಯ ಹತ್ತಿರ ತಂದಳು.

"ಬೇಡ. ಹಾಗೇ ಬನ್ನಿ."